ಮೂಲೆ ಕಾಯುವವನ ಬೆಲೆ

ಅಫಜಲಪುರ ತಾಲೂಕಿನ ಗೊಬ್ಬೂರಿನ ಸುತ್ತಲಿನ ಸೀಮೆಯಲ್ಲಿ ತೊಗರಿಯ ರಾಶಿ ಮುಗಿದು ಹೊಲಗಳು ಬಯಲಾದ ಮೇಲೆ ಜಾತ್ರೆಗಳ ಕಾಲ ಆರಂಭವಾಗುತ್ತದೆ. ಜಾತ್ರೆಗಳೊಡನೆ ಕಬಡ್ಡಿ ಪಂದ್ಯಾವಳಿಗಳೂ ಬರುತ್ತವೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ಪಂದ್ಯಾವಳಿಗೆ ಮುಂಚೆ ಯುವಕರ ಗುಂಪೊಂದು ಈ ಲೇಖಕನ ಬಳಿಗೆ ಬಂದಿತು. ಅವರ ತಂಡದ ಚಂದಾ ಹಣದ ಲೆಕ್ಕಪತ್ರವನ್ನು ನೋಡಿಕೊಳ್ಳುವ ಹೊಣೆ ಈ ಲೇಖಕನದಾಗಿತ್ತು. ಒಟ್ಟು ಸಂಗ್ರಹವಾದ ಹಣ 62 ಸಾವಿರ ರೂಪಾಯಿ. ನೆರೆಯ ಜಿಲ್ಲೆಯ ಒಬ್ಬ ಹೆಸರಾಂತ ಮೂಲೆಯ ಆಟಗಾರನು ಆ ವರ್ಷ ಯಾವ ತಂಡಕ್ಕೂ ಒಪ್ಪಿಕೊಂಡಿರಲಿಲ್ಲ. ಮೂರು ದಿನಗಳ ಆಟಕ್ಕೆ 35 ಸಾವಿರ ಕೊಟ್ಟರೆ ಬರುವುದಾಗಿ ಹೇಳಿ ಕಳುಹಿಸಿದ್ದನು. ಯುವಕರ ಪ್ರಶ್ನೆ ಒಂದೇ: "ಇವನನ್ನು ಕರೆತರೋಣವೇ, ಬೇಡವೇ?"

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಅದೇ ಪ್ರಶ್ನೆಯನ್ನು ಕೋಟಿಗಳ ಲೆಕ್ಕದಲ್ಲಿ ಬೆಂಗಳೂರಿನ ತಂಡವೂ ಎದುರಿಸಿದೆ, ಸಾಗರದಾಚೆಯ ದೊಡ್ಡ ತಂಡಗಳೂ ಎದುರಿಸುತ್ತಿವೆ. ಆಟದ ಸಂಗತಿಗೆ ಧರ್ಮವಿಚಾರದ ಪತ್ರಿಕೆಯಲ್ಲಿ ಏನು ಸ್ಥಾನವೆಂದು ಕೆಲವರು ಕೇಳಿಯಾರು. ಹಲವರು ಸೇರಿ ಕೂಡಿಸಿದ ಹಣವನ್ನು ಒಬ್ಬನಿಗಾಗಿ ವ್ಯಯಿಸುವಲ್ಲೆಲ್ಲ ನ್ಯಾಯಾನ್ಯಾಯದ ವಿಚಾರ ಹುಟ್ಟುತ್ತದೆ. ಅದು ಬಸದಿಯ ಜೀರ್ಣೋದ್ಧಾರದ ನಿಧಿಯಾಗಿರಲಿ, ಕಬಡ್ಡಿ ತಂಡದ ಚಂದಾ ಆಗಿರಲಿ, ವಿಚಾರದ ಸ್ವರೂಪ ಬದಲಾಗದು.

ಮೊದಲು ಆ ಮೂಲೆಯ ಆಟಗಾರನ ಕೆಲಸವನ್ನು ತಿಳಿಯಬೇಕು. ಕಬಡ್ಡಿಯಲ್ಲಿ ಏಳು ಜನ ಅಂಕಣದಲ್ಲಿರುತ್ತಾರೆ. ಎದುರಾಳಿಯ ದಾಳಿಗಾರನು ಮಧ್ಯರೇಖೆ ದಾಟಿ ಬಂದಾಗ ರಕ್ಷಣೆಯ ಎಡ ಬಲ ತುದಿಗಳಲ್ಲಿ ನಿಲ್ಲುವ ಇಬ್ಬರನ್ನು ಮೂಲೆಯವರು, ಅಂದರೆ ಕಾರ್ನರ್ ಎಂದು ಕರೆಯುತ್ತಾರೆ. ದಾಳಿಗೆ ಇರುವ ಅವಧಿ 30 ಸೆಕೆಂಡು. ಅಷ್ಟರಲ್ಲಿ ದಾಳಿಗಾರನ ಪಾದವನ್ನಾಗಲಿ ತೊಡೆಯನ್ನಾಗಲಿ ಮೊದಲು ಹಿಡಿಯಬೇಕಾದವನು ಸಾಮಾನ್ಯವಾಗಿ ಈ ಮೂಲೆಯವನೇ. ಅವನು ಹಿಡಿದ ಮೇಲೆ ಉಳಿದವರು ಸರಪಳಿಯಂತೆ ಬಂದು ಕೂಡುತ್ತಾರೆ. ಅವನು ಅರೆಗಳಿಗೆ ಮೊದಲೇ ಧುಮುಕಿದರೆ ಅಂಕ ಎದುರಾಳಿಗೆ ಸೇರಿ ತಾನು ಹೊರಗೆ ಕೂಡಬೇಕಾಗುತ್ತದೆ. ತಡಮಾಡಿದರೆ ದಾಳಿಗಾರನು ಗೆರೆ ಮುಟ್ಟಿರುತ್ತಾನೆ. ಆದ್ದರಿಂದ ಮೂಲೆಯವನಿಗೆ ಬಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲುವ ಶಕ್ತಿ ಬೇಕು. ಪ್ರೇಕ್ಷಕರ ಚಪ್ಪಾಳೆ ಬಹುಮಟ್ಟಿಗೆ ದಾಳಿಗಾರನಿಗೆ ಸಲ್ಲುತ್ತದೆ. ಆದರೆ ಒಳ್ಳೆಯ ಮೂಲೆಯವನಿಲ್ಲದ ತಂಡ ಬಾಗಿಲಿಲ್ಲದ ಮನೆಯಂತೆ ಎಂಬುದನ್ನು ಆಡಿದವರೆಲ್ಲ ಬಲ್ಲರು.

ಅಮೆರಿಕದ ಫುಟ್‌ಬಾಲಿನಲ್ಲಿಯೂ ಕಾರ್ನರ್‌ಬ್ಯಾಕ್ ಎಂಬ ಇಂಥದೇ ಸ್ಥಾನವಿದೆ. ಎದುರಾಳಿಯ ವೇಗದ ಓಟಗಾರನ ಬೆನ್ನುಬಿಡದೆ, ಅವನ ಕೈಗೆ ಚೆಂಡು ಸೇರದಂತೆ ನೋಡಿಕೊಳ್ಳುವುದು ಅವನ ಕೆಲಸ. ಒಪ್ಪಂದ ಮುಗಿದು ಸ್ವತಂತ್ರನಾದ ಕಾರ್ನರ್‌ಬ್ಯಾಕನಿಗೆ ಎಷ್ಟು ಹಣ ಸುರಿಯಬೇಕೆಂಬ ಚರ್ಚೆ ಅಲ್ಲಿ ಪ್ರತಿವರ್ಷ ನಡೆಯುತ್ತದೆ. ಅಲ್ಲಿ 1994ರಿಂದ ಪ್ರತಿ ತಂಡದ ವೇತನದ ಮೊತ್ತಕ್ಕೆ ಮಿತಿ ಹಾಕಲಾಗಿದೆ. ಮಿತಿಯಿಲ್ಲದ ಕಡೆ ಶ್ರೀಮಂತನಿಗೆ ಇಂಥ ಪ್ರಶ್ನೆ ಹೆಚ್ಚಾಗಿ ಬಾಧಿಸದು. ಮಿತಿಯಿರುವ ಕಡೆ ಒಬ್ಬನಿಗೆ ಕೊಟ್ಟ ಹಣ ಮತ್ತೊಬ್ಬನ ಪಾಲಿನಿಂದ ಬಂದದ್ದೆಂಬುದು ಕಣ್ಣೆದುರಿಗೇ ಕಾಣಿಸುತ್ತದೆ.

ನಮ್ಮ ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಯಿತು. ಮೊದಲ ಹರಾಜಿನಲ್ಲಿ ಅತ್ಯಧಿಕ ಬೆಲೆ ಪಡೆದ ರಾಕೇಶ್ ಕುಮಾರರಿಗೆ ಪಟ್ನಾ ತಂಡವು ಕೊಟ್ಟದ್ದು 12.80 ಲಕ್ಷ ರೂಪಾಯಿ. ನಾಲ್ಕೇ ವರ್ಷಗಳಲ್ಲಿ, 2018ರ ಹರಾಜಿನಲ್ಲಿ, ಇರಾನಿನ ಫಜಲ್ ಅತ್ರಾಚಲಿ ಒಂದು ಕೋಟಿಗೆ ಮುಂಬಯಿ ತಂಡವನ್ನು ಸೇರಿದರು. ಆ ಲೀಗಿನಲ್ಲಿ ಕೋಟಿ ಮುಟ್ಟಿದ ಮೊದಲಿಗರು ಅವರೇ. ಅವರು ಎಡ ಮೂಲೆ ಕಾಯುವವರು. 2025ರ ಮೇ 31 ಮತ್ತು ಜೂನ್ 1ರಂದು ಮುಂಬಯಿಯಲ್ಲಿ ನಡೆದ ಹರಾಜಿನಲ್ಲಿ ಬೆಂಗಳೂರು ಬುಲ್ಸ್ ತಂಡವು ಯೋಗೇಶ್ ದಹಿಯಾ ಎಂಬ ತರುಣ ರಕ್ಷಣಾ ಆಟಗಾರರಿಗೆ 1.125 ಕೋಟಿ ರೂಪಾಯಿ ಕೊಟ್ಟಿತು.

ಈ ಮೊತ್ತವನ್ನು ಒಂಟಿಯಾಗಿ ನೋಡಿ ಬೆರಗಾಗುವುದು ಸುಲಭ. ಅದನ್ನು ಮಿತಿಯೊಳಗಿಟ್ಟು ನೋಡಬೇಕು. ಒಂದು ತಂಡವು ಆಟಗಾರರಿಗೆ ವ್ಯಯಿಸಬಹುದಾಗಿದ್ದ ಒಟ್ಟು ಹಣ 5 ಕೋಟಿ. ತಂಡದಲ್ಲಿ ಕನಿಷ್ಠ 18 ಮಂದಿ, ಗರಿಷ್ಠ 25 ಮಂದಿ ಇರಬೇಕು. ಎಲ್ಲರಿಗೂ ಸಮನಾಗಿ ಹಂಚುವುದಾದರೆ 18 ಮಂದಿಯ ತಂಡದಲ್ಲಿ ತಲೆಗೆ ಸುಮಾರು 27.8 ಲಕ್ಷ ಬರುತ್ತದೆ. ಒಬ್ಬರಿಗೆ 1.125 ಕೋಟಿ ಕೊಟ್ಟ ಮೇಲೆ ಉಳಿದ 17 ಮಂದಿಯ ಸರಾಸರಿ ಸುಮಾರು 22.8 ಲಕ್ಷಕ್ಕೆ ಇಳಿಯುತ್ತದೆ. ತಂಡವು 25 ಮಂದಿಯದಾದರೆ ಉಳಿದವರ ಸರಾಸರಿ ಸುಮಾರು 16.1 ಲಕ್ಷ. ಒಬ್ಬರ ಸ್ಥಾನಕ್ಕೆ ಒಟ್ಟು ನಿಧಿಯ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಸಂದಿತೆಂದು ಇದರಿಂದ ತಿಳಿಯುತ್ತದೆ. ಇದು ತಪ್ಪೆಂದು ಈ ಲೆಕ್ಕ ಹೇಳುವುದಿಲ್ಲ. ಹಣ ಎಲ್ಲಿಂದ ಬಂದಿತೆಂಬುದನ್ನಷ್ಟೇ ಹೇಳುತ್ತದೆ.

ಸಾಮಾನ್ಯವಾಗಿ ಈ ಪ್ರಶ್ನೆಗೆ ಎರಡು ಉತ್ತರಗಳು ಕೇಳಿಬರುತ್ತವೆ. "ಆಟಕ್ಕೆ ಇಷ್ಟು ಹಣವೇ? ಇದು ಅನ್ಯಾಯ" ಎಂಬುದು ಒಂದು. ಈ ಮಾತಿನಲ್ಲಿ ವಿಚಾರಕ್ಕಿಂತ ಅಸಹನೆಯೇ ಹೆಚ್ಚು. ಕಬಡ್ಡಿಯ ಆಟಗಾರನು ಬಹುಮಟ್ಟಿಗೆ ಹಳ್ಳಿಯ ಮಗ. ಅವನ ದೇಹ ಈ ಆಟಕ್ಕೆ ಒದಗುವುದು ಹತ್ತು ಹನ್ನೆರಡು ವರ್ಷ ಮಾತ್ರ. ಮೊಣಕಾಲು ಒಮ್ಮೆ ತಿರುಗಿದರೆ ಅದೂ ಇಲ್ಲ. ತನ್ನ ದುಡಿಮೆಗೆ ಮಾರುಕಟ್ಟೆಯಲ್ಲಿ ಸಿಗುವ ನ್ಯಾಯವಾದ ಬೆಲೆಯನ್ನು ಅವನು ಪಡೆದರೆ ಅದರಲ್ಲಿ ದೋಷವಿಲ್ಲ. ತನ್ನ ತೊಗರಿಗೆ ಒಳ್ಳೆಯ ಧಾರಣೆ ಬಂದಾಗ ಮಾರುವ ರೈತನನ್ನು ನಾವು ಲೋಭಿಯೆಂದು ಕರೆಯುವುದಿಲ್ಲವಷ್ಟೆ!

"ಹಣ ಅವರದು, ವ್ಯಯ ಅವರದು, ನಮಗೇಕೆ?" ಎಂಬುದು ಎರಡನೆಯ ಉತ್ತರ. ಇದೂ ಸಾಲದು. ತಂಡವೆಂಬುದು ಒಬ್ಬನ ಕಿಸೆಯಲ್ಲ. ಹಣ ಹಾಕಿದ ಒಡೆಯನ ಜೊತೆಗೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಬೆವರು ಸುರಿಸಿದ ಕಿರಿಯರೂ ಅದರಲ್ಲಿ ಪಾಲುದಾರರು. ನಮ್ಮ ಹಳ್ಳಿಯ ತಂಡದಲ್ಲಂತೂ ಹತ್ತು ರೂಪಾಯಿ ಕೊಟ್ಟ ಕೂಲಿಕಾರನೂ ಪಾಲುದಾರನೇ. ಪಾಲುದಾರರಿರುವ ಹಣವನ್ನು ಮನಬಂದಂತೆ ವ್ಯಯಿಸುವ ಅಧಿಕಾರ ಯಾರಿಗೂ ಇಲ್ಲ. ದೇವಸ್ವದ ವಿಷಯದಲ್ಲಿ ನಮ್ಮ ಹಿರಿಯರು ಎಷ್ಟು ಎಚ್ಚರವಾಗಿದ್ದರೆಂಬುದನ್ನು ಟ್ರಸ್ಟುಗಳನ್ನು ನಡೆಸುವ ಬಂಧುಗಳಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಫಲವನ್ನು ನೋಡಿ ತೀರ್ಮಾನಿಸಬಹುದೇ? ದುಬಾರಿ ಆಟಗಾರನಿಂದ ತಂಡ ಗೆದ್ದರೆ ಸರಿ, ಸೋತರೆ ತಪ್ಪು ಎನ್ನಬಹುದೇ? ದಾಖಲೆಗಳು ಎರಡೂ ಕಡೆಗೆ ಸಾಕ್ಷಿ ಹೇಳುತ್ತವೆ. 2022ರಲ್ಲಿ ತಮಿಳ್ ತಲೈವಾಸ್ ತಂಡವು ಪವನ್ ಸೆಹ್ರಾವತ್‌ರಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಅವರ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತುವಿನಲ್ಲಿ ಆಡಲಾಗಲಿಲ್ಲ. ಆದರೂ ಆ ತಂಡ ಉಪಾಂತ್ಯದವರೆಗೆ ಹೋಯಿತು. ಮರುವರ್ಷ ತೆಲುಗು ಟೈಟನ್ಸ್ ತಂಡವು ಅವರಿಗೇ 2.605 ಕೋಟಿ ಕೊಟ್ಟಿತು. 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಇಳಿಯಿತು. ಇತ್ತ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಎಡ ಮೂಲೆಯ ಆಟಗಾರರು. ಅವರಿಗೆ 2.35 ಕೋಟಿ ಕೊಟ್ಟ ಪುಣೆಯ ತಂಡ 2024ರ ಮಾರ್ಚ್ 1ರಂದು ಪ್ರಶಸ್ತಿ ಗೆದ್ದಿತು; 2.07 ಕೋಟಿ ಕೊಟ್ಟ ಹರಿಯಾಣದ ತಂಡ ಅದೇ ವರ್ಷದ ಡಿಸೆಂಬರ್ 29ರಂದು ಗೆದ್ದಿತು. 2025ರಲ್ಲಿ ಅದೇ ಆಟಗಾರರಿಗೆ 2.23 ಕೋಟಿ ಕೊಟ್ಟ ಗುಜರಾತಿನ ತಂಡಕ್ಕೆ ಆ ಭಾಗ್ಯ ಒದಗಲಿಲ್ಲ.

ನಮ್ಮ ಬೆಂಗಳೂರಿನ ತಂಡದ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. 2019ರ ಜನವರಿ 5ರಂದು ಗುಜರಾತನ್ನು 38-33ರಿಂದ ಸೋಲಿಸಿ ಪ್ರಶಸ್ತಿ ಪಡೆದ ಈ ತಂಡ 2024ರಲ್ಲಿ ದಾಳಿಗಾರ ಅಜಿಂಕ್ಯ ಪವಾರರಿಗೆ 1.107 ಕೋಟಿ, ಪ್ರದೀಪ್ ನರ್ವಾಲರಿಗೆ 70 ಲಕ್ಷ ಕೊಟ್ಟಿತು. 22 ಪಂದ್ಯಗಳಲ್ಲಿ ಎರಡು ಗೆಲುವು, ಕೊನೆಯ ಸ್ಥಾನ. ಮರುವರ್ಷ ರಕ್ಷಣೆಗೆ ಹಣ ಸುರಿದು ಮೇಲೆದ್ದಿತು, ಆದರೆ ಪ್ರಶಸ್ತಿ ದೆಹಲಿಯ ಪಾಲಾಯಿತು. ಮೂಲೆಗೆ ಹಣ ಹಾಕುವುದು ಜಾಣತನವೆಂದು ಇದರಿಂದ ವಾದಿಸಬಹುದು. ಆದರೆ ಅದು ಧರ್ಮವೋ ಎಂಬ ಪ್ರಶ್ನೆ ಅಂಕಪಟ್ಟಿಯಿಂದ ಬಗೆಹರಿಯುವುದಿಲ್ಲ. ಹರಾಜಿನ ದಿನ ಯಾರಿಗೂ ಫಲ ಗೊತ್ತಿರುವುದಿಲ್ಲ. ಗೊತ್ತಿರುವುದು ತಮ್ಮ ಉದ್ದೇಶ ಮತ್ತು ತಮ್ಮ ಮೇಲಿರುವ ಹೊಣೆಗಳು ಮಾತ್ರ. ನಿರ್ಣಯದ ಗುಣವನ್ನು ಅವುಗಳಿಂದಲೇ ಅಳೆಯಬೇಕು.

ಇಲ್ಲಿ ಹರಾಜಿನ ಸ್ವಭಾವವನ್ನು ಸ್ವಲ್ಪ ಪರಿಶೀಲಿಸಬೇಕಾಗಿದೆ. ನಮ್ಮ ವಾಚಕರಿಗೆ ಅದು ಅಪರಿಚಿತವಲ್ಲ. ಪೂಜಾ ಮಹೋತ್ಸವಗಳಲ್ಲಿ ಕಲಶದ ಸವಾಲು ಕೂಗುವುದನ್ನು ನಾವೆಲ್ಲ ನೋಡಿದ್ದೇವೆ. ಮನೆಯಿಂದ ಹೊರಡುವಾಗ ಇಷ್ಟು ಕೊಡೋಣವೆಂದು ಪತ್ನಿಯೊಡನೆ ಮಾತನಾಡಿ ಬಂದ ಗೃಹಸ್ಥನು, ಪಕ್ಕದವನು ಒಂದು ಹೆಜ್ಜೆ ಮೇಲೇರಿದೊಡನೆ ತಾನೂ ಏರುತ್ತಾನೆ. ಮೊದಲಿನ ಮೊತ್ತ ಭಕ್ತಿಯದು. ಮೇಲೆ ಏರಿದ್ದರಲ್ಲಿ ಎಷ್ಟು ಭಕ್ತಿ, ಎಷ್ಟು ಹಠ ಎಂಬುದನ್ನು ಅವನೇ ಬಲ್ಲ. ಕಲಶದ ಸವಾಲಿನಲ್ಲಿ ಕೊನೆಗೆ ಹಣ ತ್ಯಾಗವಾಗುತ್ತದೆ ಎಂಬ ಸಮಾಧಾನವಾದರೂ ಉಂಟು. ಆಟಗಾರರ ಹರಾಜಿನಲ್ಲಿ ಆ ಸಮಾಧಾನವೂ ಇಲ್ಲ. ಅಲ್ಲಿ ಎದುರಿನ ಮೇಜಿನವನು ಕೈಯೆತ್ತಿದನೆಂಬ ಒಂದೇ ಕಾರಣಕ್ಕೆ ಬೆಲೆ ಏರುತ್ತದೆ. ಆಟಗಾರನ ಯೋಗ್ಯತೆ ಆ ನಿಮಿಷದಲ್ಲಿ ಹೆಚ್ಚಾಗಿರುವುದಿಲ್ಲ.

ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವು ಇಲ್ಲಿ ನೆರವಿಗೆ ಬರುತ್ತದೆ. ಆ ವ್ರತವು ಗೃಹಸ್ಥನಿಗೆ ಎಲ್ಲವನ್ನೂ ಬಿಡು ಎನ್ನುವುದಿಲ್ಲ. ಇಷ್ಟೇ ಸಾಕೆಂದು ಮೊದಲೇ ಗೊತ್ತುಮಾಡಿಕೋ ಎನ್ನುತ್ತದೆ. ಈ 'ಮೊದಲೇ' ಎಂಬುದರಲ್ಲಿ ವ್ರತದ ಸಾರವಿದೆ. ವಸ್ತು ಕಣ್ಣೆದುರಿಗೆ ಬಂದ ಮೇಲೆ ಹಾಕಿಕೊಂಡ ಮಿತಿ ಮಿತಿಯಲ್ಲ. ಆಸೆಯು ತನಗೆ ತಾನೇ ಬರೆದುಕೊಂಡ ಅನುಮತಿಪತ್ರ. ಲೀಗು ಹಾಕಿದ 5 ಕೋಟಿಯ ಮಿತಿ ಹೊರಗಿನದು. ಅದರೊಳಗೆ ಒಬ್ಬರಿಗೆ ಎಷ್ಟು, ಕಿರಿಯರಿಗೆ ಎಷ್ಟು, ಗಾಯಗೊಂಡವರಿಗೆ ಎಷ್ಟು ಎಂಬ ಒಳಗಿನ ಮಿತಿಯನ್ನು ತಂಡವೇ ಸಭಾಂಗಣಕ್ಕೆ ಕಾಲಿಡುವ ಮೊದಲು ಬರೆದಿಡಬೇಕು. ಹಾಗೆ ಬರೆದಿಟ್ಟು, ಆ ಮೊತ್ತ 1.125 ಕೋಟಿಯೇ ಆಗಿದ್ದರೆ ಅದನ್ನು ದೂರಲು ಕಾರಣವಿಲ್ಲ. ಬರೆಯದೆ ಹೋಗಿ 40 ಲಕ್ಷ ಕೊಟ್ಟು ಬಂದರೂ ಅದು ದೂರಬೇಕಾದದ್ದೇ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಮಿತಿಯೆಂಬುದು ಒಡೆಯರಿಗೆ ಅನುಕೂಲವಾದ ಏರ್ಪಾಡಲ್ಲವೇ? ಆಟಗಾರನಿಗೆ ಸಿಗಬಹುದಾದ ಹಣವನ್ನು ತಡೆದು ಒಡೆಯನ ಪೆಟ್ಟಿಗೆಯನ್ನು ತುಂಬುವುದಕ್ಕೆ ಧರ್ಮದ ಹೆಸರು ಕೊಟ್ಟಂತಾಗಲಿಲ್ಲವೇ? ಈ ಮಾತನ್ನು ತಳ್ಳಿಹಾಕಲಾಗದು. ಉಳಿಸಿದ ಹಣ ಒಡೆಯನ ಲಾಭಕ್ಕೆ ಸೇರಿದರೆ ಮಿತಿಗೆ ಯಾವ ನೈತಿಕ ಮೌಲ್ಯವೂ ಇಲ್ಲ. ಅದು ಬೇರೆ ವೇಷದ ಲೋಭ. ಒಬ್ಬರಿಗೆ ಕಡಿಮೆ ಕೊಡುವುದೇ ಪುಣ್ಯವೆಂದು ಇಲ್ಲಿ ಹೇಳುತ್ತಿಲ್ಲ. ಈಗಾಗಲೇ ನಮ್ಮ ಮೇಲೆ ಹಕ್ಕುಳ್ಳವರಿಗೆ ಸಲ್ಲಬೇಕಾದುದು ಸಂದ ಮೇಲೆ, ಉಳಿದುದರಲ್ಲಿ ಎಷ್ಟು ದೊಡ್ಡ ಮೊತ್ತವನ್ನಾದರೂ ಶ್ರೇಷ್ಠ ಆಟಗಾರನಿಗೆ ಕೊಡಬಹುದು. ಕೇಳುವ ಶಕ್ತಿಯುಳ್ಳವನು ಮೇಜಿನ ಮೇಲೆ ಕೇಳಿ ಪಡೆಯುತ್ತಾನೆ. ಕೇಳಲಾರದವನ ಪಾಲನ್ನು ಲೆಕ್ಕ ಬರೆಯುವವನೇ ನೆನಪಿಡಬೇಕು.

ಈಗ ಗೊಬ್ಬೂರಿನ ಸೀಮೆಯ ಆ ಯುವಕರ ಪ್ರಸಂಗಕ್ಕೆ ಮರಳೋಣ. ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಬರೆಯದೆ ಉಳಿದಿತ್ತು. ಹಿಂದಿನ ವರ್ಷದ ಪಂದ್ಯದಲ್ಲಿ ತಂಡದ ಮೂಲೆಯ ಹುಡುಗನ ಮೊಣಕಾಲಿಗೆ ಪೆಟ್ಟಾಗಿತ್ತು. ಚಿಕಿತ್ಸೆಯ 19 ಸಾವಿರವನ್ನು ಅವನ ತಂದೆ ಬೆಳೆಯ ಮೇಲೆ ಮುಂಗಡ ಸಾಲವೆತ್ತಿ ಕಟ್ಟಿದ್ದನು. "ನೋಡೋಣ" ಎಂದು ತಂಡದವರು ಅಂದು ಹೇಳಿದ್ದರು. ಆ ಹಿರಿಯನು ಮತ್ತೆ ಕೇಳಿರಲಿಲ್ಲ. ಹನ್ನೆರಡು ಹುಡುಗರ ಊಟ ಮತ್ತು ಪ್ರಯಾಣಕ್ಕೆ 14 ಸಾವಿರ, ಮೊಣಕಾಲ ಪಟ್ಟಿ ಮತ್ತು ಬೂಟುಗಳಿಗೆ 9 ಸಾವಿರ ಬೇಕಾಗಿತ್ತು. ಹೊರಗಿನ ಆಟಗಾರನಿಗೆ 35 ಸಾವಿರ ಕೊಟ್ಟರೆ ಉಳಿಯುವುದು 4 ಸಾವಿರ. ಹುಡುಗನ ಸಾಲ ತೀರಿಸಿದರೆ ಉಳಿಯುವುದು 20 ಸಾವಿರ. ಆ ಹಣಕ್ಕೆ ಆಟಗಾರನು ಬರುವವನಲ್ಲ.

ಯುವಕರಲ್ಲಿ ಜಾಣನೊಬ್ಬನು ಒಂದು ಉಪಾಯ ಹೇಳಿದನು: "ಅವನನ್ನು ಕರೆತಂದರೆ ಗೆಲ್ಲುವುದು ಖಂಡಿತ. ಮೊದಲ ಬಹುಮಾನ 51 ಸಾವಿರ. ಅದರಲ್ಲಿ ಸಾಲವನ್ನೂ ತೀರಿಸೋಣ." ಈ ಮಾತಿಗೆ ಬಹಳ ಮಂದಿ ತಲೆದೂಗಿದರು. ಈ ಲೇಖಕನಿಗೂ ಒಂದು ಕ್ಷಣ ಅದು ಸರಿಯೆನಿಸಿತು. ರಾತ್ರಿ ವಿಚಾರಿಸಿದಾಗ ಅದರ ದೋಷ ಕಂಡಿತು. ತೀರಿಸಲೇಬೇಕಾದ ಋಣ ನಿಶ್ಚಿತ, ಬಹುಮಾನ ಅನಿಶ್ಚಿತ. ನಿಶ್ಚಿತವಾದ ಋಣವನ್ನು ಅನಿಶ್ಚಿತವಾದ ಗೆಲುವಿನ ಮೇಲೆ ಹೊರಿಸುವುದೆಂದರೆ ಆ ಬಡ ತಂದೆಯ ಹಣವನ್ನು ಅವನನ್ನು ಕೇಳದೆಯೇ ಪಣಕ್ಕಿಟ್ಟಂತೆ. ನಮ್ಮ ಹಣವನ್ನು ನಾವು ಪಣಕ್ಕಿಡುವುದೇ ವ್ಯಸನವೆನಿಸುವಾಗ, ಪರರ ಹಣದ ಮಾತೇನು? ಗೆದ್ದರೂ ಈ ದೋಷ ಅಳಿಯುತ್ತಿರಲಿಲ್ಲ. ಗೆಲುವಿನ ಸದ್ದಿನಲ್ಲಿ ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೆ.

ಮರುದಿನ ಎರಡು ತಾಸು ಚರ್ಚೆ ನಡೆಯಿತು. ಕೆಲವರು ಸಿಟ್ಟಾಗಿ ಎದ್ದೂ ಹೋದರು. ಕೊನೆಗೆ ಮೊದಲು 19 ಸಾವಿರವನ್ನು ಆ ತಂದೆಯ ಮನೆಗೆ ಮುಟ್ಟಿಸುವುದೆಂದು ಗೊತ್ತಾಯಿತು. ಅವನು ತೆಗೆದುಕೊಳ್ಳಲು ಹಿಂಜರಿದನು. ಇದು ದಾನವಲ್ಲ, ಒಂದು ವರ್ಷ ತಡವಾದ ಬಾಕಿ ಎಂದು ಹೇಳಬೇಕಾಯಿತು. ಆ ವರ್ಷ ಮೂಲೆಯಲ್ಲಿ ನಿಂತವನು ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದ ಒಬ್ಬ ಹುಡುಗ. ಗಾಯಗೊಂಡವನೇ ಗೆರೆಯ ಹೊರಗೆ ಕುಳಿತು ಅವನಿಗೆ ಕೂಗಿ ಹೇಳುತ್ತಿದ್ದನು: "ಇನ್ನೂ ಬೇಡ, ಇನ್ನೂ ಬೇಡ." ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ಹೊರಗಿನ ಆಟಗಾರನನ್ನು ಕರೆತಂದಿದ್ದರೆ ಗೆಲ್ಲುತ್ತಿದ್ದೆವು ಎಂದು ಇಂದಿಗೂ ಹೇಳುವವರಿದ್ದಾರೆ. ಅವರ ಮಾತು ನಿಜವಿರಬಹುದು.

ಒಂದು ವಿಷಯವನ್ನು ಇಲ್ಲಿ ಮರೆಮಾಚದೆ ಹೇಳಬೇಕು. ಆ ಬಾಕಿ ಇರದಿದ್ದರೆ, ಹುಡುಗರ ಊಟ ಪ್ರಯಾಣಗಳ ಹಣ ಬೇರೆಯಿದ್ದರೆ, ಅದೇ 35 ಸಾವಿರವನ್ನು ಕೊಟ್ಟು ಅವನನ್ನು ಕರೆತನ್ನಿ ಎಂದೇ ಈ ಲೇಖಕನು ಹೇಳುತ್ತಿದ್ದನು. ಶ್ರೇಷ್ಠನಾದವನ ಪಕ್ಕದಲ್ಲಿ ಮೂರು ದಿನ ನಿಂತು ಕಲಿಯುವ ಭಾಗ್ಯವೂ ಹುಡುಗರಿಗೆ ಬೇಕು. ದೊಡ್ಡ ವ್ಯಯವೆಲ್ಲ ದುಂದಲ್ಲ, ಸಣ್ಣ ವ್ಯಯವೆಲ್ಲ ಮಿತವ್ಯಯವೂ ಅಲ್ಲ.

ನಮ್ಮ ಟ್ರಸ್ಟುಗಳಲ್ಲಿಯೂ ಇಂಥ ಪ್ರಸಂಗಗಳು ಬರುತ್ತವೆ. ಮಹೋತ್ಸವಕ್ಕೆ ಹೆಸರಾಂತ ಗಾಯಕರನ್ನು ದೊಡ್ಡ ಸಂಭಾವನೆ ಕೊಟ್ಟು ಕರೆಸಬೇಕೆಂಬ ಉತ್ಸಾಹ ಮೂಡುತ್ತದೆ. ಅದೇ ವೇಳೆಗೆ ಅರ್ಚಕರ ಕೆಲವು ತಿಂಗಳ ವೇತನ ಬಾಕಿಯಿರುತ್ತದೆ, ಪಾಠಶಾಲೆಯ ಮಾಳಿಗೆ ಸೋರುತ್ತಿರುತ್ತದೆ. ಗಾಯಕರನ್ನು ಕರೆಸುವುದು ತಪ್ಪಲ್ಲ. ಮುಂದಿನ ಸಭೆಯಲ್ಲಿ ಅಂದಾಜು ಪತ್ರಿಕೆಯನ್ನು ತಯಾರಿಸುವಾಗ ಬಾಕಿಗಳ ಸಾಲನ್ನು ಮೊದಲು ಬರೆದು, ಮಹೋತ್ಸವದ ಸಾಲನ್ನು ಅದರ ಕೆಳಗೆ ಬರೆಯುವ ರೂಢಿಯನ್ನು ನಮ್ಮ ಬಂಧುಗಳು ಹಾಕಿಕೊಳ್ಳಲಿ ಎಂಬುದಿಷ್ಟೇ ಈ ಲೇಖಕನ ವಿನಂತಿ.